ಎಂಟನೇ ಕ್ಲಾಸಿನ ಸೈಕಲ್

ಏಳರವರೆಗೆ ಊರಲ್ಲೇ ಶಾಲೆ. ಎಂಟಕ್ಕೆ ನಾಲ್ಕೈದು ಕಿಲೋಮೀಟರ್ ದೂರದ ಹೈಸ್ಕೂಲು. ಬಯಲುಸೀಮೆಯ ಎಷ್ಟೋ ಹುಡುಗಿಯರ ಓದು ನಿಲ್ಲುತ್ತಿದ್ದುದು ಈ ದಾರಿಯಲ್ಲೇ. ಓದಿಸುವ ಆಸೆ ಮನೆಯವರಿಗೂ ಇರುತ್ತಿತ್ತು. ಬೆಳೆದ ಮಗಳು ಹೊಲದ ದಾರಿಯಲ್ಲಿ ಒಬ್ಬಳೇ ನಡೆಯಬೇಕಲ್ಲ ಎಂಬ ಅಳುಕು ಅದಕ್ಕಿಂತ ದೊಡ್ಡದು.

2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ಸರಿಸುಮಾರು ಅದೇ ಹೊತ್ತಿಗೆ ಬಿಹಾರವೂ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ನೀಡಿತು. ಅಲ್ಲಿನ ಪರಿಣಾಮವನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಅಳೆದು ನೋಡಿದರು. ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಸುಮಾರು ಶೇ 30ರಷ್ಟು ಏರಿತ್ತು. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಊರುಗಳಲ್ಲೇ ಏರಿಕೆ ಹೆಚ್ಚು.

ಈ ಅಂಕಿಗಳ ಒಳಗಿನ ಬದುಕನ್ನು ನಾನು ಕಂಡದ್ದು ನಮ್ಮ ಹೈಸ್ಕೂಲಿನ ಅಂಗಳದಲ್ಲಿ. ಮೊದಮೊದಲು ಮೊಣಕಾಲು ತರಚಿಕೊಳ್ಳದ ಹುಡುಗಿಯೇ ಇರಲಿಲ್ಲ. ಕಲಿತವಳು ಕಲಿಯುವವಳ ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದಳು. ಕಳಚಿದ ಚೈನನ್ನು ಪೆಡಲ್ ತಿರುಗಿಸಿ ಕೂರಿಸುವುದು, ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ಏಳುವ ಜಾಗ ಹುಡುಕುವುದು, ಉಜ್ಜಿ, ಸಲ್ಯೂಷನ್ ಹಚ್ಚಿ ಪ್ಯಾಚ್ ಅಂಟಿಸುವುದು: ಅಣ್ಣಂದಿರ ಕೆಲಸ ಎನಿಸಿಕೊಂಡಿದ್ದವೆಲ್ಲ ಒಂದೊಂದಾಗಿ ಅವರ ಕೈಗೆ ಬಂದವು. ಗ್ರೀಸ್ ಮೆತ್ತಿದ ಕೈಯಲ್ಲೇ ಪ್ರಾರ್ಥನೆಗೆ ನಿಂತವರೂ ಉಂಟು.

ಇನ್ನೂ ದೊಡ್ಡ ಬದಲಾವಣೆ ಆದದ್ದು ಮನೆಯೊಳಗೆ. ಗಿರಣಿಗೆ ರಾಗಿ ಒಯ್ಯಲು, ಡೇರಿಗೆ ಹಾಲು ಹಾಕಲು ಅಪ್ಪಂದಿರು ಮಗಳನ್ನೇ ಕರೆಯತೊಡಗಿದರು. "ಯಾಕೆ ಹೋಗ್ತೀಯಾ?" ಎನ್ನುತ್ತಿದ್ದ ಅಮ್ಮ "ಎಷ್ಟೊತ್ತಿಗೆ ಬರ್ತೀಯಾ?" ಎಂದು ಕೇಳತೊಡಗಿದಳು. ಹದಿಮೂರು-ಹದಿನಾಲ್ಕರ ಹುಡುಗಿ ತನ್ನ ಹೊತ್ತಿನ ಲೆಕ್ಕ ತಾನೇ ಒಪ್ಪಿಸಲು ಕಲಿತಳು. ಹೇಳಿದ ಹೊತ್ತಿಗೆ ಬಂದಷ್ಟೂ ಮುಂದಿನ ಸಲ ಒಪ್ಪಿಗೆ ಸಲೀಸಾಯಿತು. ಎಸ್ಸೆಸ್ಸೆಲ್ಸಿಯ ಸಂಜೆಯ ವಿಶೇಷ ತರಗತಿಗೆ ಹುಡುಗಿಯರು ಉಳಿಯಲು ಸಾಧ್ಯವಾದದ್ದು ಹಾಗೆ ಗಳಿಸಿದ ನಂಬಿಕೆಯಿಂದ. ವಾಪಸ್ ಹೊರಟಾಗ ಹಿಂದೆ ಬಿದ್ದವಳಿಗಾಗಿ ತಿರುವಿನಲ್ಲಿ ಕಾಯಬೇಕು ಎಂಬುದನ್ನು ಅವರಿಗೆ ಯಾವ ಮೇಷ್ಟರೂ ಹೇಳಿಕೊಡಬೇಕಾಗಲಿಲ್ಲ.

ಸೈಕಲ್‌ಗೆ ಇಂಥ ಶಕ್ತಿಯಿದೆ ಎಂಬುದು ಹೊಸ ಸಂಗತಿಯಲ್ಲ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಸಾಕ್ಷರತಾ ಆಂದೋಲನ ಅಕ್ಷರದ ಜೊತೆಗೇ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿತ್ತು.

ಕೋವಿಡ್ ಕಾಲದಲ್ಲಿ ನಮ್ಮಲ್ಲಿ ಸೈಕಲ್ ವಿತರಣೆ ನಿಂತಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹುಡುಗಿಯರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ. ಇದು ಬಹಳ ದೊಡ್ಡ ಅನುಕೂಲ. ಆದರೆ ದಿನಕ್ಕೆ ಎರಡೇ ಬಸ್ ಬರುವ ಊರಿನ ಹುಡುಗಿ ವಿಶೇಷ ತರಗತಿ ಮುಗಿಸಿ ಹೊರಬರುವ ಹೊತ್ತಿಗೆ ಸಂಜೆಯ ಬಸ್ ಹೋಗಿರುತ್ತದೆ. ಅಂಥ ಊರುಗಳಿಗೆ ಸೈಕಲ್ಲೂ ಬೇಕು.