ಓಡೋ ಬೈಕಿಗಿಂತ ಮೊದಲು ನಿಲ್ಲೋ ಬೈಕ್

ಮಳೆಗಾಲ ಮುಗೀತಾ ಬಂತು. ದಸರಾ ರಜೆ, ದೀಪಾವಳಿ ರಜೆ, ಆಮೇಲೆ ಸೆಮಿಸ್ಟರ್ ರಜೆ. ಹಾಸ್ಟೆಲ್ ಪಾರ್ಕಿಂಗಿನಲ್ಲಿ ಈಗ ಎರಡೇ ಮಾತು. "ಈ ಸಲ ಯಾವ ಘಾಟಿ ಮಗಾ?" ಅನ್ನೋದು ಒಂದು, "ಬೈಕಿಗೆ ಏನು ಹಾಕಿಸ್ತಿದೀಯ?" ಅನ್ನೋದು ಇನ್ನೊಂದು. ಮೊದಲನೇದಕ್ಕೆ ಉತ್ತರ ಆಗುಂಬೆ, ಚಾರ್ಮಾಡಿ, ಸಂಪಾಜೆ. ಎರಡನೇದಕ್ಕೆ ಉತ್ತರ ಸೈಲೆನ್ಸರ್, ಅಗಲ ಟಯರ್, ಫಾಗ್ ಲೈಟ್, ಹೊಸ ಪೇಂಟ್. ಬ್ರೇಕ್ ಶೂ ಬದಲಾಯಿಸ್ತೀನಿ ಅಂತ ಯಾರೂ ಹೇಳೋದಿಲ್ಲ. ಅದು ಫೋಟೋದಲ್ಲಿ ಕಾಣಲ್ಲವಲ್ಲ!

ಈ ಪಾಠ ಆ ಕಾಣದ ಕೆಲಸದ ಬಗ್ಗೆ. ಬೇಕಾಗಿರೋದು ಪಿಯುಸಿ ಭೌತಶಾಸ್ತ್ರ, ಒಂದು ಕ್ಯಾಲ್ಕುಲೇಟರ್, ನಾಲ್ಕು ಭಾನುವಾರ. ಹಿಂದಿನ ಸೀಟಿನಲ್ಲಿ ಗೆಳೆಯನನ್ನೋ ಗೆಳತಿಯನ್ನೋ ಕೂರಿಸಿಕೊಂಡು ಘಾಟಿ ಇಳಿಯೋರು ಈ ಲೆಕ್ಕ ಒಂದು ಸಲ ಕೈಯಾರೆ ಮಾಡಿರಬೇಕು. ಯಾಕಂದ್ರೆ ಹಿಂದೆ ಕೂತವರ ಕೈಯಲ್ಲಿ ಬ್ರೇಕ್ ಇರಲ್ಲ.

ಲೆಕ್ಕ 1: ನಿಲ್ಲೋಕೆ ಎಷ್ಟು ದೂರ ಬೇಕು?

ನಿಲ್ಲುವ ದೂರದಲ್ಲಿ ಎರಡು ಭಾಗ ಇದೆ. ಅಡ್ಡ ಬಂದದ್ದು ಕಣ್ಣಿಗೆ ಬಿದ್ದು, ಕೈ ಬ್ರೇಕ್ ಹಿಡಿಯುವವರೆಗೆ ಬೈಕ್ ಅದೇ ವೇಗದಲ್ಲಿ ಓಡ್ತಾನೇ ಇರುತ್ತೆ. ಅದಕ್ಕೆ 1 ಸೆಕೆಂಡ್ ಅಂತ ಇಟ್ಟುಕೊಳ್ಳೋಣ. ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ಎರಡನೇ ಭಾಗ. ವೇಗದ ವರ್ಗವನ್ನು 2 × ಘರ್ಷಣಾಂಕ × 9.81ರಿಂದ ಭಾಗಿಸಿದರೆ ಅದು ಸಿಗುತ್ತೆ. ಒಣ ಟಾರು ರಸ್ತೆಗೆ ಘರ್ಷಣಾಂಕ 0.7, ಒದ್ದೆ ರಸ್ತೆಗೆ 0.4 ಅಂತ ಹಿಡಿಯೋಣ.

ಗಂಟೆಗೆ 60 ಕಿ.ಮೀ. ಅಂದ್ರೆ ಸೆಕೆಂಡಿಗೆ 16.7 ಮೀಟರ್. ಒಣ ರಸ್ತೆಯಲ್ಲಿ ಬ್ರೇಕ್ ದೂರ 20 ಮೀಟರ್, ಒಟ್ಟು 37 ಮೀಟರ್. ಒದ್ದೆ ರಸ್ತೆಯಲ್ಲಿ ಬ್ರೇಕ್ ದೂರ 35, ಒಟ್ಟು 52. ಈಗ ವೇಗವನ್ನು 80ಕ್ಕೆ ಏರಿಸಿ. ಒಣ ರಸ್ತೆಯಲ್ಲಿ ಒಟ್ಟು 58 ಮೀಟರ್, ಒದ್ದೆಯಲ್ಲಿ 85. ವೇಗ ಹೆಚ್ಚಿದ್ದು ಮೂರರಲ್ಲಿ ಒಂದು ಪಾಲು ಮಾತ್ರ, ಬ್ರೇಕ್ ದೂರ ಹೆಚ್ಚಿದ್ದು ಮುಕ್ಕಾಲು ಪಾಲಿಗಿಂತಲೂ ಜಾಸ್ತಿ. ವೇಗದ ವರ್ಗ ಅನ್ನೋದರ ಅರ್ಥ ಇದೇ.

ಒಂದು ಮಾತು ನೆನಪಿಡಿ: ಇಲ್ಲಿರೋ 0.7 ಅನ್ನೋದು ಒಳ್ಳೇ ಟಯರ್, ಒಳ್ಳೇ ಬ್ರೇಕ್, ಹಿಡಿಯೋಕೆ ಗೊತ್ತಿರೋ ಕೈ, ಮೂರೂ ಇದ್ದಾಗ ಸಿಗುವ ಅಂಕಿ. ಸವೆದ ಟಯರ್ ಹಾಕಿಕೊಂಡು ಹಿಂದಿನ ಬ್ರೇಕ್ ಮಾತ್ರ ತುಳಿಯೋರಿಗೆ ಇದರ ಅರ್ಧವೂ ಸಿಗಲ್ಲ.

ಲೆಕ್ಕ 2: ಘಾಟಿ ತಿರುವಿನಲ್ಲಿ ಎಷ್ಟು ವೇಗ?

ತೀರ್ಥಹಳ್ಳಿ ಕಡೆಯಿಂದ ಆಗುಂಬೆ ದಾಟಿ ಸೋಮೇಶ್ವರ, ಹೆಬ್ರಿ ಕಡೆಗೆ ಇಳಿಯುವಾಗ 14 ಹೇರ್‌ಪಿನ್ ತಿರುವು ಸಿಗುತ್ತವೆ. ಒಂದು ಕಡೆ ಗೋಡೆಯಂಥ ಬೆಟ್ಟ, ಇನ್ನೊಂದು ಕಡೆ ಕಾಡು. ತಿರುವಿನ ಆಚೆ ಏನಿದೆ ಅಂತ ಕಾಣಲ್ಲ. ಇಂಥ ಕಡೆ ನಿಯಮ ಒಂದೇ: ಕಾಣುವಷ್ಟು ದೂರದ ಒಳಗೆ ಬೈಕ್ ನಿಲ್ಲಬೇಕು.

ತಿರುವಿನಲ್ಲಿ ಮುಂದೆ 25 ಮೀಟರ್ ಕಾಣುತ್ತೆ, ರಸ್ತೆ ಒದ್ದೆ, ಇಳಿಜಾರು ನೂರಕ್ಕೆ 8 ಅಂದುಕೊಳ್ಳಿ. ಇಳಿಜಾರು ನಿಮ್ಮ ಘರ್ಷಣೆಯಲ್ಲಿ ಪಾಲು ಕಿತ್ತುಕೊಳ್ಳುತ್ತೆ. 0.4ರಲ್ಲಿ 0.08 ಕಳೆದರೆ ಉಳಿಯೋದು 0.32. ಮೇಲಿನ ಸೂತ್ರವನ್ನೇ ತಿರುಗಿಸಿ ವರ್ಗ ಸಮೀಕರಣ ಬಿಡಿಸಿದರೆ ಗರಿಷ್ಠ ವೇಗ ಗಂಟೆಗೆ ಸುಮಾರು 35 ಕಿ.ಮೀ. ಬರುತ್ತೆ.

ಇಷ್ಟಕ್ಕೇ ಮುಗೀಲಿಲ್ಲ. ಎದುರಿನಿಂದ ಒಬ್ಬ ನಿಮ್ಮ ಪಥಕ್ಕೇ ಬರ್ತಿದ್ದರೆ ಆ 25 ಮೀಟರಿನೊಳಗೆ ಇಬ್ಬರೂ ನಿಲ್ಲಬೇಕು. ನಿಮ್ಮ ಪಾಲಿಗೆ 12.5 ಮೀಟರ್. ಆಗ ವೇಗ ಗಂಟೆಗೆ 22 ಕಿ.ಮೀ. ಸುತ್ತ.

ತಿರುವಿಗೆ ಅದರದೇ ಒಂದು ಲೆಕ್ಕವೂ ಇದೆ. 12 ಮೀಟರ್ ತ್ರಿಜ್ಯದ ತಿರುವನ್ನು 25 ಕಿ.ಮೀ. ವೇಗದಲ್ಲಿ ತಿರುಗಿಸಿದರೆ ಬೇಕಾಗುವ ಕೇಂದ್ರಾಭಿಮುಖ ವೇಗೋತ್ಕರ್ಷ ಗುರುತ್ವದ 0.41 ಪಟ್ಟು. ಒದ್ದೆ ರಸ್ತೆ ಕೊಡೋದು 0.4. ಬ್ರೇಕ್ ಮುಟ್ಟದೇ ಇದ್ದರೂ ಟಯರ್ ಜಾರುವ ಹಂತಕ್ಕೆ ಬಂದಾಯ್ತು. ವೇಗವನ್ನು 20ಕ್ಕೆ ಇಳಿಸಿದರೆ ಬೇಕಾಗೋದು 0.26 ಮಾತ್ರ. ಬರೀ 5 ಕಿ.ಮೀ. ವ್ಯತ್ಯಾಸ! ಟಯರಿನ ಹತ್ತಿರ ಇರೋ ಹಿಡಿತ ಒಂದೇ, ಅದನ್ನೇ ತಿರುಗೋಕೂ ನಿಲ್ಲೋಕೂ ಹಂಚಬೇಕು. ಹಾಗಾಗಿ ಬ್ರೇಕ್ ಹಿಡಿಯೋದು ತಿರುವಿಗೆ ಮುಂಚೆ, ಬೈಕ್ ನೇರವಾಗಿ ಇರುವಾಗ. ಅರ್ಧ ತಿರುವಿನಲ್ಲಿ ಗಾಬರಿಯಾಗಿ ಹಿಡಿಯೋದಲ್ಲ.

ಆಗುಂಬೆಗೆ ಎಲ್ಲರೂ ಹೋಗೋದು ಸೂರ್ಯಾಸ್ತ ನೋಡೋಕೆ. ಸೂರ್ಯಾಸ್ತ ನೋಡಿ ಕೆಳಗಿಳಿದರೆ 14 ತಿರುವನ್ನೂ ಕತ್ತಲಲ್ಲೇ ಇಳೀಬೇಕು. ಕಾಣುವ ದೂರ ಹೆಡ್‌ಲೈಟ್ ಎಷ್ಟು ತೋರಿಸುತ್ತೋ ಅಷ್ಟೇ. ತಿರುವಿನಲ್ಲಿ ಹೆಡ್‌ಲೈಟ್ ರಸ್ತೆ ಬಿಟ್ಟು ಕಾಡಿಗೆ ಬೀಳುತ್ತೆ. ಆ ರಾತ್ರಿ ಮೇಲೇ ಎಲ್ಲಾದರೂ ಉಳಿದು ಬೆಳಿಗ್ಗೆ ಇಳಿಯೋ ಹಾಗೆ ಪ್ಲಾನ್ ಮಾಡಿದರೆ ಖರ್ಚು ಸ್ವಲ್ಪ ಹೆಚ್ಚಾಗಬಹುದು, ಲೆಕ್ಕ ಮಾತ್ರ ನಿಮ್ಮ ಪರವಾಗಿರುತ್ತೆ.

ಲೆಕ್ಕ 3: ಇಳಿಜಾರಿನ ಶಕ್ತಿ ಎಲ್ಲಿಗೆ ಹೋಗುತ್ತೆ?

ಬೈಕ್ 140 ಕೆ.ಜಿ., ಇಬ್ಬರು ಸವಾರರು 135, ಬ್ಯಾಗು ಲಗೇಜು 25. ಒಟ್ಟು 300 ಕೆ.ಜಿ. ಇದು 500 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 14.7 ಲಕ್ಷ ಜೂಲ್. 25 ಡಿಗ್ರಿಯ ನಾಲ್ಕೂವರೆ ಲೀಟರ್ ನೀರನ್ನು ಕುದಿಯೋ ಮಟ್ಟಕ್ಕೆ ತರೋಕೆ ಅಷ್ಟು ಸಾಕು. ಗೇರ್ ನ್ಯೂಟ್ರಲ್‌ಗೆ ಹಾಕಿ "ಪೆಟ್ರೋಲ್ ಉಳಿಸ್ತೀನಿ" ಅಂತ ಇಳಿಯೋರು ಈ ಶಾಖದ ಬಹುಪಾಲನ್ನು ತಂದು ಹಾಕೋದು ಅಂಗೈಯಗಲದ ಬ್ರೇಕಿಗೆ.

ಬ್ರೇಕ್ ಅತಿಯಾಗಿ ಕಾದರೆ ಹಿಡಿತ ಕಮ್ಮಿಯಾಗುತ್ತೆ. ಡಿಸ್ಕ್ ಬ್ರೇಕಿನಲ್ಲಿ ಇನ್ನೊಂದು ಅಪಾಯ ಇದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯೋ ಮಟ್ಟ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ನೀರು ಸೇರಿದ ಮೇಲೆ ಅದೇ ದರ್ಜೆಯ ಕನಿಷ್ಠ ಮಟ್ಟ 155. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತೆ. ಗುಳ್ಳೆ ಅದುಮಿಕೊಳ್ಳುತ್ತೆ, ಲಿವರ್ ಹ್ಯಾಂಡಲ್‌ವರೆಗೆ ಬರುತ್ತೆ, ಬ್ರೇಕ್ ಹಿಡಿಯಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಿ ಅಂತ ಹೇಳೋದು ಇದಕ್ಕೇ.

ಪರಿಹಾರ ಹಳೇದೇ: ಹತ್ತೋವಾಗ ಯಾವ ಗೇರ್ ಬೇಕಿತ್ತೋ ಇಳಿಯೋವಾಗಲೂ ಅದೇ ಗೇರ್. ಒಂದಿಷ್ಟು ಶಾಖವನ್ನು ಎಂಜಿನ್ ನುಂಗಿಕೊಳ್ಳುತ್ತೆ.

ಯೆಜ್ಡಿ ಪ್ರಾಜೆಕ್ಟ್ ಮಾಡ್ತಿರೋರಿಗೆ ಇಲ್ಲಿ ಒಂದು ಎಚ್ಚರಿಕೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಂದರೆ ಅಲ್ಲಿ ತಯಾರಾದ ಕಟ್ಟಕಡೆಯ ಯೆಜ್ಡಿಯೂ ನಿಮ್ಮಲ್ಲಿ ಬಹಳ ಜನರಿಗೆ ಅಣ್ಣ ಆಗಬೇಕು. ಅದು ಟೂ ಸ್ಟ್ರೋಕ್, ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕೋದು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಉದ್ದಕ್ಕೂ ಇಳಿದರೆ ಪೆಟ್ರೋಲ್ ಜೊತೆಗೆ ಆಯಿಲೂ ಕಮ್ಮಿಯಾಗುತ್ತೆ, ಪಿಸ್ಟನ್ ಒಣಗುತ್ತೆ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡಬೇಕು. ಟೂ ಸ್ಟ್ರೋಕ್ ಎಂಜಿನ್ ಬೈಕನ್ನು ತಡೆದು ಹಿಡಿಯೋದೂ ಕಮ್ಮಿ. ಹಾಗಾಗಿ ಯೆಜ್ಡಿಯಲ್ಲಿ ಘಾಟಿ ಇಳಿಯೋ ಭಾರ ಹೆಚ್ಚಾಗಿ ಬೀಳೋದು ಡ್ರಮ್ ಬ್ರೇಕಿನ ಮೇಲೆ. ಟ್ಯಾಂಕಿಗೆ ಕ್ರೋಮ್ ಮಾಡಿಸೋಕೆ ಮುಂಚೆ ಡ್ರಮ್ ಬಿಚ್ಚಿ ನೋಡಿ.

ಮುಂದಿನ ಬ್ರೇಕಿನ ಭಯ

"ಮುಂದಿನ ಬ್ರೇಕ್ ಹಿಡಿದ್ರೆ ಪಲ್ಟಿ ಹೊಡೀತೀಯ" ಅಂತ ಮನೇಲಿ, ಬೀದೀಲಿ ಎಲ್ಲರೂ ಹೇಳಿರ್ತಾರೆ. ಲೆಕ್ಕ ಏನು ಹೇಳುತ್ತೆ ನೋಡೋಣ. ಎರಡು ಚಕ್ರಗಳ ನಡುವಿನ ದೂರ 1.35 ಮೀಟರ್, ಗುರುತ್ವ ಕೇಂದ್ರದ ಎತ್ತರ 0.65 ಮೀಟರ್ ಇರಲಿ. ಗುರುತ್ವದ 0.7 ಪಟ್ಟು ಬ್ರೇಕ್ ಹಿಡಿದರೆ ಒಟ್ಟು ಭಾರದ ನೂರಕ್ಕೆ 34 ಪಾಲು ಹಿಂದಿನಿಂದ ಮುಂದಿನ ಚಕ್ರಕ್ಕೆ ಸರಿಯುತ್ತೆ. ನಿಂತಾಗ ಭಾರ ಸಮಪಾಲಾಗಿದ್ದರೆ, ಬ್ರೇಕ್ ಹಿಡಿದಾಗ ಮುಂದೆ 84, ಹಿಂದೆ 16. ನೂರಕ್ಕೆ 16 ಭಾರ ಇರೋ ಚಕ್ರ ಎಷ್ಟು ತಾನೇ ತಡೀಬಲ್ಲದು? ಹಿಂದಿನ ಬ್ರೇಕನ್ನೇ ನಂಬಿದರೆ ಚಕ್ರ ಲಾಕ್ ಆಗಿ ಬಾಲ ತಿರುಗುತ್ತೆ, ಅಷ್ಟೇ.

ಬೀಳಿಸೋದು ಮುಂದಿನ ಬ್ರೇಕಲ್ಲ, ಅದನ್ನು ಒಮ್ಮೆಲೇ ಕಿತ್ತು ಹಿಡಿಯೋ ಅಭ್ಯಾಸ. ಭಾರ ಮುಂದಕ್ಕೆ ಬರೋಕೆ ಸ್ವಲ್ಪ ಸಮಯ ಬೇಕು. ನಿಂಬೆಹಣ್ಣು ಹಿಂಡೋ ಹಾಗೆ ಮೆಲ್ಲಗೆ ಶುರು ಮಾಡಿ ಬಿಗಿ ಮಾಡ್ತಾ ಹೋಗಬೇಕು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತೆ, ಇಲ್ಲದ ಹಿಡಿತವನ್ನು ತಂದುಕೊಡಲ್ಲ.

ನಾಲ್ಕು ಭಾನುವಾರದ ಪ್ರಾಜೆಕ್ಟ್

ಮೊದಲ ಭಾನುವಾರ ಟಯರ್. ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತೆ. 2321 ಅಂದರೆ 2021ನೇ ಇಸವಿಯ 23ನೇ ವಾರ ತಯಾರಾದದ್ದು. ಬಟನ್ ಎದ್ದು ಕಂಡರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಆ ಟಯರ್ ಘಾಟಿಗೆ ಬೇಡ. ಕಾಲುವೆಯೊಳಗಿನ ಸವೆತದ ಗುರುತು ಮೇಲ್ಮೈಗೆ ಸಮ ಬಂದಿದ್ದರೂ ಬೇಡ. ಗಾಳಿ ಬೆಳಿಗ್ಗೆ, ಟಯರ್ ತಣ್ಣಗಿರುವಾಗ ನೋಡಿ. ಇಬ್ಬರು ಹೋಗುವಾಗಿನ ಅಳತೆ ಬೇರೆ, ಮ್ಯಾನುಯಲ್‌ನಲ್ಲಿದೆ.

ಎರಡನೇ ಭಾನುವಾರ ಬ್ರೇಕ್. ಡಿಸ್ಕ್ ಇದ್ದರೆ ಪ್ಯಾಡಿನ ದಪ್ಪ, ಆಯಿಲಿನ ಬಣ್ಣ. ಡ್ರಮ್ ಇದ್ದರೆ ಶೂ ಸವೆತ, ಕೇಬಲಿನ ಎಳೆ, ಒಳಗೆ ಗ್ರೀಸ್ ಸೋರಿದೆಯಾ ಅಂತ. ಹಳೇ ಶೂಗಳ ಪುಡಿಯಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಬಾಯಿಂದ ಊದಬೇಡಿ, ಗಾಳಿ ಪೈಪನ್ನೂ ಹಿಡಿಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಒಂದು ಕಿವಿಮಾತು: ಬ್ರೇಕ್ ಪೂರ್ತಿ ಹಿಡಿದಾಗ ಡ್ರಮ್ಮಿನ ಮೇಲಿನ ತೋಳು ಮತ್ತು ಕೇಬಲಿನ ನಡುವೆ ಹತ್ತಿರ ಹತ್ತಿರ 90 ಡಿಗ್ರಿ ಇರಬೇಕು. ಅದನ್ನು ಮೀರಿದರೆ ಕೈ ಎಷ್ಟೇ ಎಳೆದರೂ ತಿರುಗುಬಲ ಕಮ್ಮಿಯಾಗ್ತಾ ಹೋಗುತ್ತೆ. ಬ್ರೇಕ್ ಕೆಲಸ ಹೊಸದಾದರೆ ಮೊದಲ ಸಲ ಮೆಕ್ಯಾನಿಕ್ ಅಣ್ಣನ ಪಕ್ಕ ಕೂತು ಕಲಿಯಿರಿ.

ಮೂರನೇ ಭಾನುವಾರ ಚೈನ್, ಲೈಟ್, ಬೋಲ್ಟು. ಚೈನ್ ಸಡಿಲ ಎಷ್ಟಿರಬೇಕು ಅನ್ನೋದು ಮ್ಯಾನುಯಲ್‌ನಲ್ಲಿದೆ. ಒಂದೇ ಕಡೆ ಅಳೆದು ಬಿಡಬೇಡಿ, ಚಕ್ರ ತಿರುಗಿಸಿ ನಾಲ್ಕು ಕಡೆ ಅಳೆಯಿರಿ. ಎಂಜಿನ್ ಆಫ್ ಇರಲಿ. ಓಡ್ತಿರೋ ಚೈನಿಗೆ ಬಟ್ಟೆ ಹಿಡಿದು ಒರೆಸೋಕೆ ಹೋದರೆ ಬಟ್ಟೆ ಜೊತೆ ಬೆರಳೂ ಹೋಗುತ್ತೆ.

ನಾಲ್ಕನೇ ಭಾನುವಾರ ಪರೀಕ್ಷೆ. ಕಾಲೇಜಿನ ಒಪ್ಪಿಗೆ ಪಡೆದು ಖಾಲಿ ಜಾಗದಲ್ಲಿ ಒಂದು ಸೀಮೆಸುಣ್ಣದ ಗೆರೆ ಎಳೆಯಿರಿ. ಹೆಲ್ಮೆಟ್, ಗ್ಲೌಸ್, ಶೂ ಹಾಕಿಕೊಂಡು, ಹಿಂದೆ ಯಾರನ್ನೂ ಕೂರಿಸದೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ಬಂದು ಗೆರೆ ಮೇಲೆ ಎರಡೂ ಬ್ರೇಕ್ ಹಿಡಿಯಿರಿ. ಮೊದಲ ಕೆಲವು ಸಲ ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ನಿಂತ ಜಾಗಕ್ಕೆ ಟೇಪ್ ಹಿಡಿಯಿರಿ. 0.7 ಲೆಕ್ಕದಲ್ಲಿ 5 ಮೀಟರ್ ಬರಬೇಕು. 9 ಮೀಟರ್ ಬಂದರೆ ಒಣ ರಸ್ತೆಯಲ್ಲೂ ನಿಮಗೆ ಸಿಗ್ತಿರೋದು ಒದ್ದೆ ರಸ್ತೆಯ ಬ್ರೇಕ್! ತಪ್ಪು ಬೈಕಿನದೋ ಕೈಯದೋ ತಿಳಿಯೋಕೆ ಅದೇ ಬೈಕನ್ನು ಬೇರೆಯವರ ಕೈಗೆ ಕೊಟ್ಟು ಇನ್ನೊಮ್ಮೆ ಅಳೆಯಿರಿ.

ಸೈಲೆನ್ಸರ್ ಕಥೆ

ಇಷ್ಟಾದ ಮೇಲೆ ಅಂದಚೆಂದ ಮಾಡಿಸಬಾರದು ಅಂತಲ್ಲ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಬೈಕನ್ನು ಮಾರ್ಪಡಿಸೋ ಹಾಗಿಲ್ಲ. ಕರ್ಕಶ ಸೈಲೆನ್ಸರಿಗೆ ದಂಡ ಬೇರೆ. ಕಂಪನಿ ಹೇಳಿದ್ದಕ್ಕಿಂತ ಅಗಲ ಟಯರನ್ನು ಹಳೇ ರಿಮ್ಮಿಗೇ ಏರಿಸಿದರೆ ಟಯರಿನ ಆಕಾರ ಕೆಡುತ್ತೆ, ಬೈಕ್ ವಾಲಿಸುವಾಗ ಹಿಡಿತವೂ ಕೆಡುತ್ತೆ. ಟ್ಯಾಂಕಿನ ಬಣ್ಣ ಬದಲಾಯಿಸಿದರೆ ಅದನ್ನೂ ಆರ್‌ಸಿಯಲ್ಲಿ ನಮೂದಿಸಬೇಕು.

ಹೊರಡೋ ದಿನ

ಪಟ್ಟಿ ದೊಡ್ಡದೇನಲ್ಲ. ಹಿಂದೆ ಕೂತವರಿಗೂ ಐಎಸ್‌ಐ ಗುರುತಿನ ಹೆಲ್ಮೆಟ್, ಪಟ್ಟಿ ಬಿಗಿದು. ಗುಂಪಿನಲ್ಲಿ ಹೊಸಬರು ಮಧ್ಯದಲ್ಲಿ, ಅನುಭವ ಇರೋರು ಮುಂದೆ ಮತ್ತು ಕೊನೆಯಲ್ಲಿ. ಯಾರೂ ಮುಂದಿನವರನ್ನು ಹಿಡಿಯೋಕೆ ಓಡಬಾರದು, ಮುಂದಿನ ಊರಲ್ಲಿ ಕಾಯ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ. ಮೈಸೂರಿಂದ ಊಟಿಗೋ ವಯನಾಡಿಗೋ ಹೊರಟರೆ ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತೆ. ಆ ಗೇಟಿಗೆ ಹೊತ್ತಾಯ್ತು ಅಂತ ಓಡಿಸೋದಕ್ಕಿಂತ ಗುಂಡ್ಲುಪೇಟೆಯಲ್ಲೇ ಉಳಿಯೋದು ವಾಸಿ.

ಮನೆಕೆಲಸ: ನಿಮ್ಮ ಬೈಕಿನ 30 ಕಿ.ಮೀ. ದೂರ ಅಳೆದು, ಅದರಿಂದ ನಿಮ್ಮ ನಿಜವಾದ ಘರ್ಷಣಾಂಕ ಕಂಡುಹಿಡಿಯಿರಿ. ಆ ಅಂಕಿ ಹಾಕಿ ಲೆಕ್ಕ 1 ಮತ್ತೊಮ್ಮೆ ಮಾಡಿ. ಬಂದ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು, ಹೊರಡೋಕೆ ಮುಂಚೆ ಹಿಂದಿನ ಸೀಟಿನವರ ಕೈಗೆ ಕೊಡಿ. ಹತ್ತಬೇಕೋ ಬೇಡವೋ ಅಂತ ಅವರೇ ತೀರ್ಮಾನ ಮಾಡಲಿ.