ಹೊಂಡದ ಕೊರವನಿಗೆ ಚಪ್ಪಲಿಯ ಕಪ್ಪೆ

ನಮ್ಮ ಜಮೀನು ಮೈಸೂರಿನ ಹೊರಅಂಚಿನಲ್ಲಿ, ವರುಣಾ ನಾಲೆಯ ಬದಿಗಿದೆ. ಹೊಂಡಕ್ಕೆ ಐನೂರು ಕಟ್ಲಾ, ರೋಹು ಮರಿ ಬಿಟ್ಟಿದ್ದೆ. ವರ್ಷ ಕಳೆದು ಬಲೆ ಹಾಕಿಸಿದರೆ ಸಿಕ್ಕಿದ್ದು ನಲವತ್ತೋ ಐವತ್ತೋ. ಯಾರೋ ಕದ್ದರು ಅಂತ ಗುಮಾನಿಪಟ್ಟೆವು. ಕಳ್ಳ ಹೊಂಡದೊಳಗೇ ಇದ್ದ – ಕೊರವ ಮೀನು. ನಾಲೆ ನೀರಿನ ಜೊತೆ ಬಂದು ಸೇರಿಕೊಂಡಿತ್ತು.

ಇದು ಬಲೆಗೆ ಬಗ್ಗುವ ಮೀನಲ್ಲ. ಬಲೆ ಬಂತೆಂದರೆ ಕೆಸರಿಗೆ ಇಳಿದು ಕೂರುತ್ತದೆ, ಇಲ್ಲವೇ ಹಾರಿ ಆಚೆ ಹೋಗುತ್ತದೆ. ಆದರೆ ಕಿವಿರಿನ ಉಸಿರಷ್ಟೇ ಅದಕ್ಕೆ ಸಾಲದು, ಆಗಾಗ ಮೇಲೆ ಬಂದು ಗಾಳಿ ಗುಟುಕಿಸಲೇಬೇಕು. ಶಿವರಾತ್ರಿ ಕಳೆದು ನೀರು ಇಳಿಯತೊಡಗಿದಾಗ ಬೆಳಿಗ್ಗೆ ದಂಡೆಯಲ್ಲಿ ಸದ್ದಿಲ್ಲದೆ ಕೂತರೆ ‘ಗುಳುಕ್’ ಅಂತ ಎದ್ದ ಜಾಗ ಗೊತ್ತಾಗುತ್ತದೆ.

ಕೆಲವರು ಜೀವಂತ ಕಪ್ಪೆಯನ್ನೇ ಗಾಳಕ್ಕೆ ಚುಚ್ಚುತ್ತಾರೆ. ಗದ್ದೆಯ ಹುಳ ತಿನ್ನುವ ಕಪ್ಪೆಯನ್ನು ಕೊಲ್ಲಲು ನನಗೆ ಮನಸ್ಸು ಬರಲಿಲ್ಲ. ಸವೆದ ಹವಾಯಿ ಚಪ್ಪಲಿಯಿಂದ ಹೆಬ್ಬೆರಳಷ್ಟು ತುಂಡು ಕೊಯ್ದು ಮುಂದುಗಡೆ ಚೂಪು ಮಾಡಿದೆ. ಹಿಂದೆ ಎರಡು ಕಾಲಿಗೆ ಸೈಕಲ್ ಟ್ಯೂಬಿನ ಸಣ್ಣ ಪಟ್ಟಿ. ಹೊಟ್ಟೆಯಡಿ ಸೀಳಿ ಜೋಡಿ ಕೊಕ್ಕೆಯ ಗಾಳ ತೂರಿಸಿ, ಮೊನೆ ಎರಡೂ ಬೆನ್ನ ಮೇಲೆ ಬರುವ ಹಾಗೆ ಕೂರಿಸಬೇಕು. ಮೊನೆ ಕೆಳಗಾದರೆ ಪ್ರತಿ ಸಲವೂ ಜೊಂಡೇ ಸಿಕ್ಕುವುದು! ಹಿಂಭಾಗದಲ್ಲಿ ಕಡಲೆಕಾಳಷ್ಟು ಸೀಸ ಸೇರಿಸಿದರೆ ಕಪ್ಪೆ ತಲೆಯೆತ್ತಿ ತೇಲುತ್ತದೆ.

ಹನ್ನೆರಡು ಅಡಿ ಬಿದಿರು ಗಳ, ದಪ್ಪ ನೈಲಾನ್ ದಾರ ಸಾಕು. ಮೀನು ಎದ್ದ ಜಾಗಕ್ಕಿಂತ ಎರಡು ಮಾರು ಆಚೆ ಬಿಟ್ಟು, ಜೊಂಡಿನ ಅಂಚಿನಲ್ಲಿ ಕುಪ್ಪಳಿಸಿ, ನಿಲ್ಲಿಸಿ, ಮತ್ತೆ ಕುಪ್ಪಳಿಸಿ ತರಬೇಕು. ನಿಂತಾಗಲೇ ಹೊಡೆಯುವುದು ಹೆಚ್ಚು. ಹೊಡೆದ ಕೂಡಲೇ ಎಳೆಯಬೇಡಿ. ನಾನು ಮೊದಲ ನಾಲ್ಕು ಮೀನು ಕಳಕೊಂಡದ್ದು ಇದೇ ಅವಸರಕ್ಕೆ. ‘ಒಂದು, ಎರಡು’ ಎಣಿಸಿ, ಆಮೇಲೆ ಗಟ್ಟಿಯಾಗಿ ಎತ್ತಿ. ಬಾಯಲ್ಲಿ ಚೂಪು ಹಲ್ಲಿದೆ, ಗಾಳ ಬಿಡಿಸಲು ಇಕ್ಕಳ ಇರಲಿ. ಪ್ಲಾಸ್ಟಿಕ್ ಹಾಸಿದ ಹೊಂಡವಾದರೆ ಹಾಳೆಗೆ ಗಾಳ ಸಿಕ್ಕದಂತೆ ಜೋಪಾನ.

ಹಳೇ ಸ್ಟೀಲ್ ಚಮಚದ ಹಿಡಿ ಕತ್ತರಿಸಿ, ಎರಡೂ ತುದಿಗೆ ತೂತು ಹಾಕಿ ಒಂದಕ್ಕೆ ದಾರ, ಇನ್ನೊಂದಕ್ಕೆ ಗಾಳ ಕಟ್ಟಿಯೂ ನೋಡಿದೆ. ಜೊಂಡಿರುವ ಹೊಂಡಕ್ಕೆ ಅದು ಹೇಳಿಸಿದ್ದಲ್ಲ. ಹೊಳೆಯ ಬಿಳಿಮೀನಿಗೆ ಹಿಂದಿನವರು ಇಂಥದ್ದೇ ಚಮಚ ಬಳಸುತ್ತಿದ್ದರು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಒಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನನ್ನು ಗಾಳದಲ್ಲಿ ಹಿಡಿದದ್ದು ದಾಖಲೆ. ಕಾವೇರಿ ಬಯಲಿನ ಆ ದೊಡ್ಡ ಜಾತಿ ಈಗ ಅಳಿವಿನಂಚಿನಲ್ಲಿದೆ, ಅದರ ತಂಟೆ ಬೇಡ.

ಏಪ್ರಿಲ್ ಮುಗಿಯುವುದರೊಳಗೆ ಏಳು ಕೊರವ ಎತ್ತಿದೆ. ದೊಡ್ಡದು ಎರಡೂವರೆ ಕೆ.ಜಿ. ಹೊಸ ಮರಿ ಬಿಡುವ ಮೊದಲೇ ಈ ಕೆಲಸ ಆಗಬೇಕು. ನಾಲೆ ನೀರು ಬರುವ ಪೈಪಿಗೆ ಸಣ್ಣ ಕಣ್ಣಿನ ಜಾಲರಿಯನ್ನೂ ಕಟ್ಟಿದ್ದೇನೆ.

ಊರ ಕೆರೆಯ ಮಾತು ಬೇರೆ. ಅಲ್ಲಿ ಮೀನಿನ ಗುತ್ತಿಗೆ ಹಿಡಿದವರನ್ನು ಕೇಳಿಯೇ ಗಾಳ ಹಾಕಿ. ಮಳೆಗಾಲದಲ್ಲಿ ಕೆಂಪು ಮರಿಗಳ ಗೊಂಚಲು ನೀರ ಮೇಲೆ ಕಂಡರೆ ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಆಗ ಕಪ್ಪೆ ಬಿಟ್ಟರೆ ಸಿಟ್ಟಿಗೆದ್ದು ಸುಲಭವಾಗಿ ಸಿಕ್ಕುತ್ತವೆ. ಆದರೆ ಅವನ್ನು ಎತ್ತಿದರೆ ಆ ಮರಿಗಳೆಲ್ಲ ಬೇರೆ ಮೀನಿನ ಬಾಯಿಗೆ.