ವಂಶಾವಳಿಯೂ ದೇವಾಲಯದ ಪುಸ್ತಕವೂ

1620ನೆಯ ಇಸವಿಯಲ್ಲಿ ಮೇಫ್ಲವರ್ ಎಂಬ ಹಡಗನ್ನೇರಿ ಇಂಗ್ಲೆಂಡಿನಿಂದ ಅಮೇರಿಕಕ್ಕೆ ಹೋದವರು ಸುಮಾರು ನೂರು ಮಂದಿ. ತಮ್ಮ ಮೂಲಪುರುಷನು ಆ ಹಡಗಿನಲ್ಲಿದ್ದನೆಂದು ತೋರಿಸುವುದು ಅಲ್ಲಿಯ ಅನೇಕ ಕುಟುಂಬಗಳಿಗೆ ಹೆಮ್ಮೆಯ ವಿಷಯವಾಗಿದೆ. ಹೆಮ್ಮೆಯಿರುವಲ್ಲಿ ವಂಶಾವಳಿಗಳು ಬೆಳೆಯುವುದು ಸಹಜ. ಅವು ಒಂದಕ್ಕೊಂದು ಒಪ್ಪದಿರುವುದೂ ಸಹಜವೇ. ಹೀಗಿರುವಾಗ ಚರಿತ್ರೆಯನ್ನು ಕಲಿಯುವವಳು ಯಾವುದನ್ನು ನಂಬಬೇಕು? ಸ್ಟೀಫನ್ ಹಾಪ್ಕಿನ್ಸ್ ಎಂಬವನ ಸಂಸಾರದ ವಿಷಯವನ್ನು ವಿಚಾರಿಸೋಣ.

ಈತನು 1609ರಲ್ಲಿ ವರ್ಜೀನಿಯಕ್ಕೆ ಹೊರಟಾಗ ಹಡಗು ಬರ್ಮುಡ ದ್ವೀಪದ ಬಳಿ ಒಡೆಯಿತು. ಅಲ್ಲಿ ಅಧಿಪತಿಗೆ ಎದುರಾಡಿ ಮರಣದಂಡನೆಗೆ ಗುರಿಯಾಗಿ, ತನ್ನ ಹೆಂಡತಿ ಮಕ್ಕಳು ಹಾಳಾಗುವರೆಂದು ಗೋಳಾಡಿ ಕ್ಷಮೆಯನ್ನು ಪಡೆದನು. ಮುಂದೆ ಮೇಫ್ಲವರ್‌ನಲ್ಲಿ ಹೋಗುವಾಗ ಎಲಿಜಬೆತ್ ಎಂಬ ಹೆಂಡತಿಯೂ, ಮೊದಲನೆಯ ಹೆಂಡತಿಯ ಮಕ್ಕಳಾದ ಕಾನ್‌ಸ್ಟನ್ಸ್ ಮತ್ತು ಜೈಲ್ಸ್ ಎಂಬವರೂ ಜೊತೆಯಲ್ಲಿದ್ದರು. ಆ ವಸಾಹತಿನ ಅಧಿಪತಿಯಾದ ಬ್ರಾಡ್‌ಫರ್ಡನು ಇದನ್ನೆಲ್ಲ ಬರೆದಿಟ್ಟನು. ಮೊದಲನೆಯವಳ ಹೆಸರನ್ನು ಮಾತ್ರ ಬರೆಯಲಿಲ್ಲ.

ಬರಿದಾದ ಸ್ಥಳವನ್ನು ಕಂಡರೆ ವಂಶಾವಳಿ ಬರೆಯುವವರಿಗೆ ಸಹನೆಯಿಲ್ಲ. ಆಕೆ ಕಾನ್‌ಸ್ಟನ್ಸ್ ಡಡ್ಲಿಯೆಂದೂ, ಹಾಪ್ಕಿನ್ಸನ ಊರು ಗ್ಲಾಸ್ಟರ್‌ಷೈರಿನ ವರ್ಟ್ಲಿಯೆಂದೂ ಬರೆದರು. ಡಡ್ಲಿಯೆಂಬುದು ಪ್ರಭುಗಳ ಮನೆತನದ ಹೆಸರು! ಒಂದು ಪುಸ್ತಕವನ್ನು ನೋಡಿ ಇನ್ನೊಂದು ಬರೆಯಲ್ಪಟ್ಟಿತು. ಹತ್ತು ಪುಸ್ತಕಗಳನ್ನು ಕಂಡವಳು ಹತ್ತು ಸಾಕ್ಷಿಗಳೆಂದು ತಿಳಿದಾಳು. ಹತ್ತೂ ಒಂದರ ನಕಲಾದರೆ ಸಾಕ್ಷಿ ಒಂದೇ, ಆ ಒಂದಕ್ಕೂ ಆಧಾರವಿಲ್ಲದಿದ್ದರೆ ಅದೂ ಇಲ್ಲ.

1998ರಲ್ಲಿ ಕೇಲಬ್ ಜಾನ್ಸನ್ ಎಂಬ ಸಂಶೋಧಕರು ಹ್ಯಾಂಪ್‌ಷೈರಿನ ಹರ್ಸ್ಲಿ ಗ್ರಾಮದ ದೇವಾಲಯದ ಪುಸ್ತಕದಲ್ಲಿ ಎಲಿಜಬೆತ್, ಕಾನ್‌ಸ್ಟನ್ಸ್, ಜೈಲ್ಸ್ ಎಂಬ ಮೂವರು ಹಾಪ್ಕಿನ್ಸ್ ಮಕ್ಕಳ ದೀಕ್ಷಾಸ್ನಾನದ ಬರಹಗಳನ್ನು ಪ್ರಕಟಪಡಿಸಿದರು. ತಾಯಿಯ ಹೆಸರು ಮೇರಿ. ಆಕೆಯನ್ನು 1613ನೆಯ ಮೇ 9ರಂದು ಅಲ್ಲಿಯೇ ಹೂಣಿಟ್ಟರು; ಆಕೆಯ ಸೊತ್ತಿನ ಪತ್ರದಲ್ಲಿಯೂ ಅದೇ ಮೂವರು ಮಕ್ಕಳ ಹೆಸರುಗಳಿವೆ.

ತಾರೀಕುಗಳ ವಿಷಯದಲ್ಲಿ ಒಂದು ಮಾತು. ಹಾಪ್ಕಿನ್ಸನ ಎರಡನೆಯ ಮದುವೆಯನ್ನು ಕೆಲವರು 1617ನೆಯ, ಕೆಲವರು 1618ನೆಯ ಫೆಬ್ರವರಿ 19 ಎನ್ನುತ್ತಾರೆ. ಇದು ವಿರೋಧವಲ್ಲ. ಆಗ ಇಂಗ್ಲೆಂಡಿನಲ್ಲಿ ಹೊಸ ವರುಷವು ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು. 1752ರಲ್ಲಿ ಜನವರಿ 1ಕ್ಕೆ ಬಂದಿತು. ಅದೇ ವರುಷ ಹನ್ನೊಂದು ದಿನಗಳನ್ನೂ ಬಿಟ್ಟರು. ಆದುದರಿಂದಲೇ ವಾಷಿಂಗ್ಟನನ ಜನನವು ಹಳೆಯ ಎಣಿಕೆಯಲ್ಲಿ 1731ನೆಯ ಫೆಬ್ರವರಿ 11, ಹೊಸದರಲ್ಲಿ 1732ನೆಯ ಫೆಬ್ರವರಿ 22.

ಹಾಗಾದರೆ ಆ ಕಾಲದಲ್ಲಿಯೇ ಬರೆದುದೆಲ್ಲ ಸತ್ಯವೋ? ಅದೂ ಅಲ್ಲ. ಮೇರಿಯ ಸೊತ್ತಿನ ಪತ್ರವು ಆಕೆಯನ್ನು ವಿಧವೆಯೆನ್ನುತ್ತದೆ, ಗಂಡನಾದರೋ ಜೀವದಿಂದಿದ್ದನು. ಹರ್ಸ್ಲಿಯವರು ಆಕೆಯ ಶವವನ್ನು ಕಣ್ಣಾರೆ ಕಂಡಿದ್ದರು, ಮಕ್ಕಳನ್ನು ಬಲ್ಲರು. ಸಮುದ್ರದಾಚೆಗೆ ಹೋದವನು ಬದುಕಿದ್ದಾನೋ ಇಲ್ಲವೋ ಎಂಬುದನ್ನು ಯಾರಿಂದ ತಿಳಿದಾರು? ಒಂದೇ ಹಾಳೆಯಲ್ಲಿ ಒಂದು ಸಾಲು ಕಂಡದ್ದು, ಇನ್ನೊಂದು ಊಹಿಸಿದ್ದು. ಪ್ರತಿಯೊಂದು ಸಾಲಿನ ಬಳಿಯಲ್ಲಿಯೂ, ಬರೆದವನಿಗೆ ಇದು ಹೇಗೆ ತಿಳಿಯಿತೆಂದು ಕೇಳಬೇಕಾಗುತ್ತದೆ.

ಗಂಡನು ಹಿಂತಿರುಗುವನೆಂದು ಮೂರು ಮಕ್ಕಳೊಡನೆ ಕಾದಿದ್ದ ಮೇರಿಯ ಹೆಸರು ಸುಮಾರು ನಾಲ್ಕು ಶತಮಾನಗಳ ಕಾಲ ಆಕೆಯ ಸಂತತಿಯವರಿಗೇ ತಿಳಿಯದೆಹೋಯಿತು. ಇಂದಿಗೂ ಕೆಲವು ವಂಶಾವಳಿಗಳಲ್ಲಿ ಆಕೆಯ ಸ್ಥಳದಲ್ಲಿ ಡಡ್ಲಿಯೇ ಕುಳಿತಿದ್ದಾಳೆ.